ಎರಡು ಕಾಗದ, ಒಂದೇ ತಾರೀಖು

2022ರ ಆಗಸ್ಟ್‌ನಲ್ಲಿ ನನ್ನ ಗರ್ಭಕೋಶ ತೆಗೆದರು. ಗಡ್ಡೆ ಬೆಳೆದು ಎರಡು ವರ್ಷದಿಂದ ವಿಪರೀತ ರಕ್ತ ಹೋಗುತ್ತಿತ್ತು. ಬೆಂಗಳೂರಿನ ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷದಿಂದ ಟೈಲರ್ ಆಗಿದ್ದೆ. ಶರ್ಟಿಗೆ ಕಾಲರ್ ಕೂಡಿಸುವ ಕೆಲಸ. ಆಪರೇಷನ್ ಆದದ್ದು ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆಯಲ್ಲಿ. ಎಂಟು ವಾರ ಭಾರ ಎತ್ತಬೇಡಿ, ಮೆಷಿನ್ ಮುಂದೆ ಕೂರಬೇಡಿ ಅಂದರು ಡಾಕ್ಟರು.

ಫ್ಲೋರ್ ಇನ್‌ಚಾರ್ಜ್‌ಗೆ ಮೊದಲೇ ಹೇಳಿದ್ದೆ. ಸರ್ಟಿಫಿಕೇಟನ್ನು ಅಣ್ಣನ ಮಗನ ಕೈಲಿ ಕಳಿಸಿದೆ. ಗೇಟಿನಲ್ಲಿ ಸೆಕ್ಯುರಿಟಿಯವರು ಇಸ್ಕೊಂಡರು. ತಲುಪಿತು ಅಂತ ಒಂದು ಸಹಿ ಹಾಕಿಸಿಕೊಳ್ಳಬೇಕಿತ್ತು, ಹಾಕಿಸಿಕೊಳ್ಳಲಿಲ್ಲ. ಆ ಒಂದು ತಪ್ಪಿಗೆ ಮೂರು ತಿಂಗಳು ಅಲೆದೆ.

ಅಕ್ಟೋಬರ್ ಮೊದಲ ವಾರ ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಹೋದೆ. ಪಂಚಿಂಗ್ ಮೆಷಿನ್ ನನ್ನ ಬೆರಳು ತಗೊಳ್ಳಲಿಲ್ಲ. ಎಚ್‌ಆರ್‌ನ ಹುಡುಗ, "ಹೇಳದೆ ಕೇಳದೆ ಕೆಲಸ ಬಿಟ್ಟಿದ್ದೀರಿ ಅಂತ ಇದೆ ಅಮ್ಮಾ. ಇಲ್ಲೊಂದು ಸೈನ್ ಹಾಕಿ, ಪಿಎಫ್ ದುಡ್ಡು ಬೇಗ ಬರುತ್ತೆ" ಅಂದ. ಓದಿದರೆ ಅದು ರಾಜೀನಾಮೆ ಪತ್ರ. ತಾರೀಖಿನ ಜಾಗ ಖಾಲಿ. ಮನೆಯಲ್ಲಿ ಕೇಳಿ ಬರ್ತೀನಿ ಅಂತ ಹೇಳಿ ಎದ್ದು ಬಂದೆ. ಗೇಟಿನ ಹೊರಗೆ ಹೊಟ್ಟೆ ಹಿಡಿದುಕೊಂಡು ಕೂತು ಅತ್ತೆ. ಆದರೆ ಸಹಿ ಹಾಕಿರಲಿಲ್ಲ. ಹಾಕಿದ್ದರೆ ನಾನಾಗಿಯೇ ಬಿಟ್ಟೆ ಅಂತ ಆಗುತ್ತಿತ್ತು.

ನಮ್ಮ ಬೀದಿಯಲ್ಲಿ ಯೂನಿಯನ್‌ನಲ್ಲಿರುವ ಒಬ್ಬರಿದ್ದಾರೆ. ಅವರು ಕೇಳಿದ್ದು ಒಂದೇ ಮಾತು: "ಪಿಎಫ್‌ನಲ್ಲಿ ನೀನು ಕೆಲಸ ಬಿಟ್ಟ ದಿನ ಯಾವುದು ಅಂತ ಹಾಕಿದ್ದಾರೆ, ನೋಡಿದ್ಯಾ ಅಕ್ಕಾ?" ಮಗಳು ಫೋನಿನಲ್ಲಿ ನನ್ನ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ತೆಗೆದಳು. ಸೆಪ್ಟೆಂಬರ್ 12 ಅಂತ ಇತ್ತು.

ಆ ದಿನ ನಾನು ಇಎಸ್‌ಐ ರಜೆಯಲ್ಲಿದ್ದೆ! ಡಿಸ್ಪೆನ್ಸರಿಯಿಂದ ತಂದ ಸರ್ಟಿಫಿಕೇಟ್ ಮೇಲೆ ಆ ವಾರದ ದುಡ್ಡೂ ಬ್ಯಾಂಕಿಗೆ ಬಂದಿತ್ತು. ಆಪರೇಷನ್ ಆದವರಿಗೆ ಇಎಸ್‌ಐ ಕೊಡುವ ಈ ಕಾಯಿಲೆ ಭತ್ಯೆ ದಿನಗೂಲಿಯ ಶೇ. 70ರಷ್ಟು. ಮೊದಲ ಎರಡು ದಿನಕ್ಕೆ ಇಲ್ಲ. ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಅದಕ್ಕೆ ಹಿಂದಿನ ಆರು ತಿಂಗಳ ಲೆಕ್ಕದಲ್ಲಿ 78 ದಿನವಾದರೂ ಇಎಸ್‌ಐ ಕಟ್ಟಿರಬೇಕು. ನನ್ನ ಸಂಬಳ 11,000ದ ಆಸುಪಾಸು, ತಿಂಗಳಿಗೆ 80 ಚಿಲ್ಲರೆ ರೂಪಾಯಿ ಹಿಡಿಯುತ್ತಿದ್ದರು. ದುಡ್ಡಿಗಿಂತ ದೊಡ್ಡ ವಿಷಯ ನನಗೆ ಆಮೇಲೆ ಗೊತ್ತಾಯಿತು. ಆಗ ಇದ್ದ 1948ರ ಇಎಸ್‌ಐ ಕಾಯ್ದೆಯ 73ನೇ ಕಲಂ ಪ್ರಕಾರ, ಈ ಭತ್ಯೆ ಪಡೆಯುತ್ತಿರುವ ದಿನಗಳಲ್ಲಿ ಕೆಲಸದಿಂದ ತೆಗೆಯುವ ಹಾಗಿರಲಿಲ್ಲ. (2025ರ ನವೆಂಬರ್‌ನಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಈಗ ಅರ್ಜಿ ಬರೆಯುವವರು ಕಲಂ ನಂಬರ್ ವಿಚಾರಿಸಿಕೊಂಡೇ ಬರೆಯಿರಿ.)

ಇಎಸ್‌ಐ ಶಾಖಾ ಕಚೇರಿಗೆ ಅರ್ಜಿ ಕೊಟ್ಟು, ಯಾವ ದಿನದಿಂದ ಯಾವ ದಿನದವರೆಗೆ ದುಡ್ಡು ಕೊಟ್ಟಿದ್ದಾರೆ ಅಂತ ಬರೆಸಿಕೊಂಡೆ. ಫ್ಯಾಕ್ಟರಿಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಾಗದ ಹಾಕಿದೆ. ಆಪರೇಷನ್ ದಿನ, ಸರ್ಟಿಫಿಕೇಟ್ ದಿನಗಳು, ಫಿಟ್‌ನೆಸ್ ಹಿಡಿದು ಬಂದ ದಿನ, ಒಳಗೆ ಬಿಡದ ವಿಷಯ, ಕೆಲಸ ಕೊಡಿ ಅನ್ನುವ ಮಾತು. ಇಷ್ಟೇ. ಬೈಗುಳ, ಗೋಳು ಒಂದೂ ಬರೆಯಲಿಲ್ಲ. ಹದಿನೈದು ದಿನ ಕಾದರೂ ಉತ್ತರ ಬರಲಿಲ್ಲ.

ಆಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಕೆಲಸದಿಂದ ತೆಗೆದರೆ ಒಬ್ಬರೇ ದೂರು ಕೊಡಬಹುದು, ಯೂನಿಯನ್ ಬೇಕೆಂದಿಲ್ಲ, ವಕೀಲರೂ ಬೇಡ. ಅಲ್ಲಿ ರಾಜಿ ಆಗದೆ 45 ದಿನ ಕಳೆದರೆ ನೇರ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ಮೊದಲ ತಾರೀಖಿಗೆ ಫ್ಯಾಕ್ಟರಿಯವರು ಬರಲೇ ಇಲ್ಲ. ಎರಡನೇ ಸಲ ಮ್ಯಾನೇಜರ್ ಬಂದು, ಸರ್ಟಿಫಿಕೇಟ್ ನಮಗೆ ಸಿಕ್ಕೇ ಇಲ್ಲ ಅಂದರು. ಆಫೀಸರ್ ಮೇಡಂ ಪಿಎಫ್ ಪ್ರಿಂಟ್ ಮತ್ತು ಇಎಸ್‌ಐ ಪತ್ರ ಎರಡನ್ನೂ ಅವರ ಮುಂದೆ ಇಟ್ಟು, ಸೆಪ್ಟೆಂಬರ್ 12ರ ಮೇಲೆ ಬೆರಳಿಟ್ಟು ತೋರಿಸಿದರು. ಮ್ಯಾನೇಜರ್ ಫೋನ್ ಹಿಡಿದು ಹೊರಗೆ ಹೋದರು.

ಮೂರನೇ ಸಲ ರಾಜಿ ಆಯಿತು. ಕೆಲಸ ವಾಪಸ್, ಆದರೆ ಕೂತ ಮೂರು ತಿಂಗಳ ಸಂಬಳ ಇಲ್ಲ. ಕೋರ್ಟಿಗೆ ಹೋಗು, ಅದೂ ಸಿಗಬಹುದು ಅಂತ ಯೂನಿಯನ್‌ನವರು ಹೇಳಿದರು. ಅವರ ಮಾತು ಸರಿಯೇ. ಆದರೆ ಮಗಳ ಪಿಯುಸಿ ಫೀಸ್ ಕಟ್ಟಬೇಕಿತ್ತು, ವರ್ಷಗಟ್ಟಲೆ ಕಾಯುವ ಶಕ್ತಿ ನನಗಿರಲಿಲ್ಲ. ಒಂದು ವಿಷಯಕ್ಕೆ ಮಾತ್ರ ಪಟ್ಟು ಹಿಡಿದೆ: ಸರ್ವಿಸ್ ಮುರಿದಿಲ್ಲ ಅಂತ ಬರೆದುಕೊಡಬೇಕು. ಹೊಸದಾಗಿ ಸೇರಿಸಿಕೊಂಡರೆ, ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ದುಡ್ಡಿಗೆ ಮತ್ತೆ ಐದು ವರ್ಷ ಎಣಿಸಬೇಕು, ಅಲ್ವಾ? ಬರೆದುಕೊಟ್ಟರು.

ಜನವರಿಯಲ್ಲಿ ಮತ್ತೆ ಅದೇ ಲೈನ್‌ಗೆ ಹೋದೆ. ನನ್ನ ಪಕ್ಕದ ಮೆಷಿನ್‌ನವಳಿಗೆ ಈ ವರ್ಷ ಹರ್ನಿಯಾ ಆಪರೇಷನ್ ಇತ್ತು. ಹಿಂದಿನ ದಿನ ಊಟದ ಹೊತ್ತಿನಲ್ಲಿ ಇಬ್ಬರೂ ಎಚ್‌ಆರ್‌ಗೆ ಹೋದೆವು. ರಜೆ ಅರ್ಜಿ ಎರಡು ಪ್ರತಿ ಒಯ್ದಿದ್ದೆವು. ಒಂದನ್ನು ಕೊಟ್ಟೆವು. ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಬೀಳುವ ತನಕ ಅಲ್ಲೇ ನಿಂತಿದ್ದೆವು.