ಕಥೆ ಯಾವ ವಯಸ್ಸಿನವರಿಗೆ? ಮಕ್ಕಳಿಂದಲೇ ಗೊತ್ತಾಯಿತು

ನನ್ನದು ಮಂಡ್ಯದ ಆಲೆಮನೆಯಲ್ಲಿ ನಡೆಯುವ ಕಾದಂಬರಿ. 9 ವರ್ಷದ ಮಕ್ಕಳಿಗೆಂದು ಬರೆದದ್ದು ಅವರಿಗೇ ಹಿಡಿಸಲಿಲ್ಲ. ತೊಡಕಿದ್ದದ್ದು ನಾಯಕಿಯ ಚಿಂತೆಯಲ್ಲಿ: ಅಪ್ಪನ ಸಾಲ, ಮಾತು ಬಿಟ್ಟ ಗೆಳತಿ. ಇವು 12 ದಾಟಿದವರ ಸಂಕಟಗಳು.

ಪರೀಕ್ಷಿಸಲು ಮೊದಲ ನಾಲ್ಕು ಪುಟವನ್ನು 4, 6, 8ನೇ ತರಗತಿಯ ಐದೈದು ಮಕ್ಕಳಿಗೆ ಕೊಡಿ, ಬರೆದವರ ಹೆಸರಿಲ್ಲದೆ. ‘ಚೆನ್ನಾಗಿದೆಯಾ’ ಅಂತ ಮಾತ್ರ ಕೇಳಬೇಡಿ. ದೊಡ್ಡವರ ಮುಖ ನೋಡಿ ಹೂಂ ಅಂದುಬಿಡುತ್ತಾರೆ. ಎಲ್ಲಿ ನಿಲ್ಲಿಸಿದೆ, ಮುಂದೇನಾಗಬಹುದು ಎಂದು ಕೇಳಿ. ನಾನು ಹೀಗೆ ಕೊಟ್ಟಾಗ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ನೊರೆಯುಕ್ಕುವ ತನಕ ಚಿಕ್ಕವರು ಕಣ್ಣರಳಿಸಿದರು, ಸಾಲ ಕೇಳಲು ಬಂದವನು ಜಗಲಿ ಹತ್ತಿದೊಡನೆ ಪುಟ ಮುಚ್ಚಿದರು. ಎಂಟನೆಯವರಿಗೆ ಕಥೆ ಶುರುವಾದದ್ದೇ ಅಲ್ಲಿ.

ಮಕ್ಕಳು ಸಾಮಾನ್ಯವಾಗಿ ತಮಗಿಂತ ಒಂದೆರಡು ವರ್ಷ ದೊಡ್ಡ ಪಾತ್ರದ ಹಿಂದೆ ಹೋಗುತ್ತಾರೆ. ಹಾಗಾಗಿ ನಾಯಕಿಯ ವಯಸ್ಸು 14ಕ್ಕೇರಿತು. ಪುಟಪುಟಕ್ಕೂ ಇದ್ದ ಚಿತ್ರ, ಪ್ರಾಸದ ಶೀರ್ಷಿಕೆಗಳನ್ನು ತೆಗೆದೆ.