ಅವನ ಎದೆ ಡವಡವ ಅಂದದ್ದು ನಿಂಗೆ ಹೇಗೆ ಗೊತ್ತು?

ಮಕ್ಕಳಿಗಾಗಿ ಕ್ರೀಡಾಪಟುಗಳ ಬಗ್ಗೆ ಪುಸ್ತಕ ಬರೆಯಲು ಕೂತಾಗ ಅಮೆರಿಕದ ಕರಿಯ ಓಟಗಾರ ಜೆಸ್ಸಿ ಓವೆನ್ಸ್ ಬಗ್ಗೆ ನನ್ನ ಮೊದಲ ವಾಕ್ಯ ಹೀಗಿತ್ತು: ‘ಆ ದಿನ ಬೆಳಗ್ಗೆ ಜೆಸ್ಸಿ ಓವೆನ್ಸ್‌ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.’ ಹೆಮ್ಮೆಯಿಂದ ಅದನ್ನು ಒಂಬತ್ತು ವರ್ಷದ ಅಕ್ಕನ ಮಗಳಿಗೆ ಓದಿ ಹೇಳಿದೆ. ಅವಳು ಕೇಳಿದಳು, ‘ಚಿಕ್ಕಮ್ಮ, ಅದು ನಿಂಗೆ ಹೇಗೆ ಗೊತ್ತು?’

ಗೊತ್ತಿರಲಿಲ್ಲ. ಎದೆ ಡವಡವ ಅನ್ನದೆ ಇರುತ್ತದೆಯೇ ಎಂದುಕೊಂಡು ಬರೆದಿದ್ದೆ. ಹಾಗೆ ಬರೆಯುವುದಾದರೆ ಕಥೆ ಅಂತಲೇ ಹೇಳಿ ಬರೆಯಬೇಕಿತ್ತು. ನಾನು ಮುಖಪುಟದ ಮೇಲೆ ‘ನಿಜ ಜೀವನಗಳು’ ಅಂತ ಹಾಕಿಸುವ ಆಸೆಯಲ್ಲಿದ್ದೆ. ಅವತ್ತು ಕೆಂಪು ಪೆನ್ನು ಹಿಡಿದು ಇಡೀ ಕರಡಿನಲ್ಲಿ ‘ಅಂದುಕೊಂಡ’, ‘ಮನಸ್ಸಿನಲ್ಲೇ ನಿಶ್ಚಯಿಸಿದಳು’, ‘ಕಣ್ಣಲ್ಲಿ ನೀರು ತುಂಬಿತು’ ಎಂಬಂಥವಕ್ಕೆಲ್ಲ ಗೆರೆ ಎಳೆಯುತ್ತ ಹೋದೆ. ಮುಗಿಸುವ ಹೊತ್ತಿಗೆ ಮೂರನೇ ಒಂದು ಭಾಗ ಕೆಂಪಾಗಿತ್ತು.

ಓವೆನ್ಸ್‌ನ ಅಧ್ಯಾಯವನ್ನೇ ನಾಲ್ಕು ಸಲ ಬರೆದೆ. 1936ರ ಬರ್ಲಿನ್ ಒಲಿಂಪಿಕ್ಸ್, 100 ಮೀಟರ್, 200 ಮೀಟರ್, ಉದ್ದ ಜಿಗಿತ, 4x100 ಮೀಟರ್ ರಿಲೇ, ನಾಲ್ಕು ಚಿನ್ನ. ಇಷ್ಟರಲ್ಲಿ ತಕರಾರಿಲ್ಲ. ತಕರಾರು ಇರುವುದು ಎಲ್ಲರ ಬಾಯಲ್ಲಿರುವ ಕಥೆಯಲ್ಲಿ: ಕರಿಯನ ಕೈ ಕುಲುಕಬೇಕಾಗುತ್ತದೆಂದು ಹಿಟ್ಲರ್ ಸಿಟ್ಟಿನಿಂದ ಎದ್ದು ಹೋದ ಎನ್ನುವುದು. ನಾನೂ ಚಿಕ್ಕವಳಿದ್ದಾಗ ಓದಿ ನಂಬಿದ್ದೆ. ನಡೆದದ್ದು ಸ್ವಲ್ಪ ಬೇರೆ. ಮೊದಲ ದಿನ ಹಿಟ್ಲರ್ ಜರ್ಮನಿ ಮತ್ತು ಫಿನ್‌ಲೆಂಡಿನ ವಿಜೇತರನ್ನು ಕರೆದು ಅಭಿನಂದಿಸಿದ. ಅಭಿನಂದಿಸುವುದಾದರೆ ಎಲ್ಲರನ್ನೂ, ಇಲ್ಲವಾದರೆ ಯಾರನ್ನೂ ಬೇಡ ಎಂದು ಒಲಿಂಪಿಕ್ ಸಮಿತಿ ಹೇಳಿತು. ಮರುದಿನದಿಂದ ಅವನು ಬಹಿರಂಗವಾಗಿ ಯಾರನ್ನೂ ಅಭಿನಂದಿಸಲಿಲ್ಲ. ಓವೆನ್ಸ್ ಮೊದಲ ಚಿನ್ನ ಗೆದ್ದದ್ದು ಆ ಮರುದಿನವೇ. ಆಮೇಲೆ ಓವೆನ್ಸ್ ತಾನೇ ಹೇಳಿದ ಮಾತು ನನ್ನನ್ನು ಹೆಚ್ಚು ತಟ್ಟಿತು: ತನ್ನನ್ನು ಕಡೆಗಣಿಸಿದ್ದು ಹಿಟ್ಲರ್ ಅಲ್ಲ, ತನ್ನದೇ ದೇಶದ ಅಧ್ಯಕ್ಷ, ಒಂದು ತಂತಿ ಕೂಡ ಕಳಿಸಲಿಲ್ಲ ಎಂದು.

ಹಿಟ್ಲರ್ ಕೆಟ್ಟವನು, ಓವೆನ್ಸ್ ಗೆದ್ದ, ಶುಭಂ ಎಂದು ಮುಗಿಸುವುದು ಸುಲಭವಿತ್ತು. ಆದರೆ ಗೆದ್ದು ಬಂದವನಿಗೆ ಮನೆಯಲ್ಲೇ ಬಾಗಿಲು ಮುಚ್ಚಿತ್ತು ಎನ್ನುವುದನ್ನು ಒಂಬತ್ತು ವರ್ಷದ ಮಗು ಅರ್ಥ ಮಾಡಿಕೊಳ್ಳುತ್ತದೆ. ತರಗತಿಯಲ್ಲಿ ಮೊದಲು ಬಂದ ದಿನವೇ ಆಟಕ್ಕೆ ಸೇರಿಸಿಕೊಳ್ಳದೆ ಬಿಟ್ಟರೆ ಹೇಗಿರುತ್ತದೆ ಅಂತ ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ.

ಉದ್ದ ಜಿಗಿತದಲ್ಲಿ ಎರಡನೆಯವನಾಗಿ ಬಂದ ಜರ್ಮನಿಯ ಲುಟ್ಸ್ ಲಾಂಗ್, ಅರ್ಹತಾ ಸುತ್ತಿನಲ್ಲಿ ಎಡವುತ್ತಿದ್ದ ಓವೆನ್ಸ್‌ಗೆ ಎಲ್ಲಿಂದ ಚಿಮ್ಮಬೇಕೆಂದು ಗುಟ್ಟು ಹೇಳಿಕೊಟ್ಟ ಎಂಬ ಕಥೆಯೂ ಇದೆ. ಇತಿಹಾಸಕಾರರು ಅದನ್ನು ಅನುಮಾನಿಸುತ್ತಾರೆ. ಅದನ್ನು ಬಿಡಲು ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಫೋಟೊ ನನ್ನನ್ನು ಕಾಪಾಡಿತು. ಸ್ಪರ್ಧೆ ಮುಗಿದ ಮೇಲೆ ಇಬ್ಬರೂ ಹುಲ್ಲಿನ ಮೇಲೆ ಅಕ್ಕಪಕ್ಕ ಮಲಗಿ ಮಾತಾಡುತ್ತಿರುವ ಚಿತ್ರ. ಅದನ್ನು ಕೊಟ್ಟು, ಏನು ಮಾತಾಡಿರಬಹುದು ಅಂತ ಓದುವ ಮಗುವಿಗೇ ಬಿಟ್ಟೆ. ಊಹೆ ಮಾಡುವ ಕೆಲಸ ನನಗಿಂತ ಅವರೇ ಚೆನ್ನಾಗಿ ಮಾಡುತ್ತಾರೆ.

ಧ್ಯಾನ್‌ಚಂದ್ ಅಧ್ಯಾಯದಲ್ಲಿ ಬೇರೆಯೇ ಪೇಚು. ಅದೇ ಬರ್ಲಿನ್ನಿನ ಹಾಕಿ ಫೈನಲ್, ಭಾರತ ಜರ್ಮನಿಯನ್ನು 8-1ರಿಂದ ಸೋಲಿಸಿತು. ಅದರಲ್ಲಿ ಧ್ಯಾನ್‌ಚಂದ್ ಅವರ ಗೋಲು ಎಷ್ಟು? ಒಂದು ಕಡೆ ಮೂರು ಅಂತಿದೆ, ಇನ್ನೊಂದು ಕಡೆ ಆರು. ಎರಡನ್ನೂ ಬಿಟ್ಟು, ಮಧ್ಯಂತರದಲ್ಲಿ ಭಾರತದ ಮುನ್ನಡೆ ಬರೀ 1-0 ಇತ್ತು ಎಂದು ಬರೆದೆ. ಅದಕ್ಕೂ ಮುಂಚೆ ಅಭ್ಯಾಸ ಪಂದ್ಯದಲ್ಲಿ ಇದೇ ಜರ್ಮನಿಯ ಎದುರು 4-1ರಿಂದ ಸೋತದ್ದನ್ನು ಮೊದಲ ಸಾಲಿಗೇ ತಂದೆ. ಸೋತವರು ಮುಂದೇನು ಮಾಡಿದರು ಎಂದು ತಿಳಿಯಲಿಕ್ಕಾದರೂ ಮಗು ಪುಟ ತಿರುಗಿಸುತ್ತದೆ.

ನನ್ನಿಂದ ಆದ ದೊಡ್ಡ ತಪ್ಪು ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫ್ ಅಧ್ಯಾಯದಲ್ಲಿ. ಚಿಕ್ಕಂದಿನಲ್ಲಿ ಪೋಲಿಯೊ, ಕಾಲಿಗೆ ಲೋಹದ ಪಟ್ಟಿ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ. ‘ಛಲದಿಂದ ಪೋಲಿಯೊವನ್ನೇ ಗೆದ್ದಳು’ ಎಂದು ಬರೆದಿದ್ದೆ. ಕರಡು ಓದಿದ ಗೆಳತಿಯೊಬ್ಬಳು, ಅವಳೂ ಪೋಲಿಯೊದಿಂದ ಕಾಲು ಕಳೆದುಕೊಂಡವಳು, ಕಾಗದವನ್ನು ಮೇಜಿನ ಮೇಲಿಟ್ಟು, ‘ಹಾಗಾದ್ರೆ ನನಗೆ ಛಲ ಕಮ್ಮಿ ಇತ್ತು ಅಂತಾಯ್ತು’ ಅಂದಳು. ನಗುತ್ತಲೇ ಅಂದಳು. ನಾನು ಅವತ್ತು ರಾತ್ರಿಯೇ ಆ ಪುಟ ಹರಿದೆ. ಹೊಸದಾಗಿ ಬರೆದದ್ದರಲ್ಲಿ ಆಸ್ಪತ್ರೆ ಇದೆ, ಚಿಕಿತ್ಸೆಗೆ ದೂರದ ಊರಿಗೆ ಮತ್ತೆ ಮತ್ತೆ ಕರೆದುಕೊಂಡು ಹೋದ ತಾಯಿ ಇದ್ದಾಳೆ, ಕಾಲು ತಿಕ್ಕಿದ ಒಡಹುಟ್ಟಿದವರಿದ್ದಾರೆ. ಆ ಮನೆಯ 22 ಮಕ್ಕಳಲ್ಲಿ ವಿಲ್ಮಾ 20ನೆಯವಳು, ಹಾಗಾಗಿ ಕಾಲು ತಿಕ್ಕುವವರಿಗೆ ಬರವಿರಲಿಲ್ಲ. ಚಿನ್ನ ಗೆದ್ದು ಬಂದಾಗ, ಮೆರವಣಿಗೆಯಲ್ಲಿ ಕರಿಯರು ಬಿಳಿಯರು ಒಟ್ಟಿಗೇ ಇರಬೇಕು ಎಂದು ಅವಳು ಪಟ್ಟು ಹಿಡಿದದ್ದೂ ಇದೆ. ಛಲ ಎಂಬ ಪದವನ್ನು ನಾನು ಆ ಜಾಗಕ್ಕೆ ಎತ್ತಿಟ್ಟೆ.

ಇನ್ನು ಅಂಕಿಗಳು. 8.90 ಮೀಟರ್ ಎಂದರೆ ಮಗುವಿಗೆ ಏನೂ ಅನ್ನಿಸುವುದಿಲ್ಲ, ದೊಡ್ಡವರಿಗೂ ಅಷ್ಟೇ. 1968ರಲ್ಲಿ ಮೆಕ್ಸಿಕೊ ಸಿಟಿಯ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಉದ್ದ ಜಿಗಿತಗಾರ ಬಾಬ್ ಬೀಮನ್ ಅಷ್ಟು ದೂರ ಜಿಗಿದಾಗ ಅಳೆಯುವ ಹೊಸ ಯಂತ್ರ ಅಲ್ಲಿಯವರೆಗೆ ಹೋಗಲೇ ಇಲ್ಲ, ಹಳೇ ಟೇಪು ತರಿಸಬೇಕಾಯಿತು. ಅದಕ್ಕೂ ಮುಂಚಿನ ದಾಖಲೆ 8.35. ಅಂದರೆ 55 ಸೆಂಟಿಮೀಟರ್ ಜಾಸ್ತಿ. ‘ನಿನ್ನ ಕಂಪಾಸ್ ಬಾಕ್ಸಿನ ಸ್ಕೇಲಿಗಿಂತ ದೊಡ್ಡದು, 30 ಸೆಂ.ಮೀ.ನ ಎರಡು ಸ್ಕೇಲ್ ಜೋಡಿಸಿ, ಕೊನೆಯಲ್ಲಿ ಐದು ಸೆಂ.ಮೀ. ಬಿಡು’ ಎಂದು ಬರೆದೆ. ಅಕ್ಕನ ಮಗಳು ತಕ್ಷಣ ನೆಲದ ಮೇಲೆ ಸ್ಕೇಲು ಇಟ್ಟು ನೋಡಿ ‘ಅಯ್ಯಪ್ಪಾ’ ಎಂದಳು. ಆ ಉದ್ಗಾರಕ್ಕಾಗಿಯೇ ನಾನು ಎಷ್ಟು ದಿನದಿಂದ ವಿಶೇಷಣ ಹುಡುಕುತ್ತಿದ್ದೆನೋ.

ಇದೇ ದಾರಿ ಪಿ.ಟಿ. ಉಷಾ ಅವರ ಅಧ್ಯಾಯಕ್ಕೂ ಸಿಕ್ಕಿತು. 1984, ಲಾಸ್ ಏಂಜಲಿಸ್, 400 ಮೀಟರ್ ಹರ್ಡಲ್ಸ್. ಮೂರನೇ ಸ್ಥಾನದವಳದು 55.41 ಸೆಕೆಂಡು, ಉಷಾ 55.42. ಸೆಕೆಂಡಿನ ನೂರನೇ ಒಂದು ಭಾಗವನ್ನು ಕಣ್ಣಿಗೆ ತೋರಿಸುವುದು ಹೇಗೆ? ‘ಕಣ್ಣು ಮಿಟುಕಿಸುವಷ್ಟರಲ್ಲಿ’ ಅನ್ನುವ ಹಾಗಿಲ್ಲ, ಕಣ್ಣು ಮಿಟುಕಿಸಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. ಆಗ 400ನ್ನು 55.42ರಿಂದ ಭಾಗಿಸಿದೆ. ಸೆಕೆಂಡಿಗೆ ಸುಮಾರು 7.2 ಮೀಟರ್ ವೇಗ. ಅದರ ನೂರನೇ ಭಾಗ 7.2 ಸೆಂಟಿಮೀಟರ್. ಇದು ಇಡೀ ಓಟದ ಸರಾಸರಿ ಲೆಕ್ಕ ಎಂದು ಪುಟದ ಕೆಳಗೆ ಹೇಳಿ, ನಡುವೆ ಅಷ್ಟೇ ಉದ್ದದ ಒಂದು ಕಪ್ಪು ಗೆರೆ ಹಾಕಿಸಿದೆ. ಬೇರೇನೂ ಇಲ್ಲ, ಖಾಲಿ ಪುಟ.

ಆಮೇಲೆ ಪುಸ್ತಕದ ಆಕಾರ ಸ್ವಲ್ಪ ಚಿಕ್ಕದಾಯಿತು, ಅಚ್ಚಿನ ಲೆಕ್ಕಾಚಾರ ಅದು. ಪುಟ ಜೋಡಿಸುವವರು ಎಲ್ಲವನ್ನೂ ಒಟ್ಟಿಗೆ ಶೇಕಡ 90ಕ್ಕೆ ಕುಗ್ಗಿಸಿದರು. ಅಕ್ಷರ ಸರಿಯಾಗಿತ್ತು, ಚಿತ್ರ ಸರಿಯಾಗಿತ್ತು. ಕೊನೇ ಪ್ರೂಫ್ ನೋಡುವಾಗ ಯಾಕೋ ಅಕ್ಕನ ಮಗಳ ಸ್ಕೇಲು ಮೇಜಿನ ಮೇಲೇ ಇತ್ತು, ಸುಮ್ಮನೆ ಇಟ್ಟು ನೋಡಿದೆ. ಆರೂವರೆ ಸೆಂಟಿಮೀಟರ್! ಗಾಬರಿಯಾಗಿ ಫೋನ್ ಮಾಡಿದರೆ ಆ ಕಡೆಯಿಂದ ‘ಒಂದು ಗೆರೆ ತಾನೇ ಮೇಡಂ’ ಎಂಬ ಉತ್ತರ ಬಂತು. ಮಿಕ್ಕ ಪುಟವನ್ನು ಏನು ಬೇಕಾದರೂ ಮಾಡಿ, ಆ ಗೆರೆಯನ್ನು ಮಾತ್ರ ಮುಟ್ಟಬೇಡಿ ಎಂದೆ. ಪುಸ್ತಕ ಕೈಗೆ ಬಂದ ದಿನ ಮುಖಪುಟ ನೋಡುವ ಮೊದಲೇ ಆ ಪುಟ ತೆಗೆದು ಅಳೆದೆ.