ನಾಲ್ಕು ಪ್ಯಾಲೆಟ್ ನೆನೆದ ಮೇಲೆ ಬಿಎಲ್ ಓದಲು ಕಲಿತೆ

ಸರಕು ಸಾಗಣೆಯ ಕಾಗದಪತ್ರ ನೋಡುವ ಕೆಲಸಕ್ಕೆ ಸೇರಿ ಆಗ ಎರಡು ವರ್ಷ. ಕನ್ಸೈನರ್ ಅಂದರೆ ಮಾಲು ಕಳಿಸುವವರು, ಕನ್ಸೈನಿ ಅಂದರೆ ಪಡೆಯುವವರು, ಕ್ಯಾರಿಯರ್ ಅಂದರೆ ಹೊತ್ತು ತರುವವರು. ಇಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ. ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹೊತ್ತು ತರಲು ಕ್ಯಾರಿಯರ್ ಕೊಡುವ ಕಾಗದ, ನಮ್ಮ ಬಾಯಲ್ಲಿ ಬಿಎಲ್. ಅದರ ಹಿಂಬದಿಯಲ್ಲಿ ಇರುವೆ ಸಾಲಿನಂತೆ ಅಚ್ಚಾಗಿರುತ್ತದಲ್ಲ, ಆ ಷರತ್ತುಗಳನ್ನು ಯಾರು ತಾನೇ ಓದುತ್ತಾರೆ?

ಓದುವ ಕಾಲ ಬಂತು. ಹಡಗಿನಲ್ಲಿ ನಮಗೊಂದು ಕಂಟೇನರ್ ಬಂದಿತ್ತು. ಒಳಗೆ ಯಂತ್ರದ ಬಿಡಿಭಾಗಗಳು. 20 ಪ್ಯಾಲೆಟ್ (ಸರಕು ಪೇರಿಸುವ ಹಲಗೆ), ಒಂದೊಂದರ ಮೇಲೆ 24 ರಟ್ಟಿನ ಪೆಟ್ಟಿಗೆ, ಒಟ್ಟು 480. ತೂಕ 10 ಟನ್. ಸೀಲ್ ಗಟ್ಟಿಯಾಗಿತ್ತು, ನಂಬರೂ ತಾಳೆಯಾಯಿತು. ಇಳಿಸುವಾಗ ಒಳಗಿನಿಂದ ಸ್ವಲ್ಪ ಮುಗ್ಗಲು ವಾಸನೆ ಬಂದಿದ್ದು ನಿಜ. ಆದರೆ ಸಂಜೆಯಾಗಿತ್ತು, ಡ್ರೈವರ್ ಅವಸರದಲ್ಲಿದ್ದ. ‘ಸರಕು ಸುಸ್ಥಿತಿಯಲ್ಲಿ ತಲುಪಿದೆ’ ಎಂದು ಅಚ್ಚಾಗಿದ್ದ ರಸೀದಿಗೆ ಸುಮ್ನೆ ಸೈನ್ ಹಾಕಿ ಕಳಿಸಿದೆ.

ಮರುದಿನ ಬೆಳಿಗ್ಗೆ ಪ್ಲಾಸ್ಟಿಕ್ ಸುತ್ತು ಬಿಚ್ಚಿದರೆ, ನಾಲ್ಕು ಪ್ಯಾಲೆಟ್‌ಗಳ ರಟ್ಟು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಒಳಗಿನ ಬಿಡಿಭಾಗಗಳಿಗೆ ಕೆಂಪು ತುಕ್ಕು. ನಮ್ಮ ಹಿರಿಯರು ಬಂದು ನೋಡಿದರು. ತುಕ್ಕಿನ ಬಗ್ಗೆ ಒಂದು ಮಾತೂ ಇಲ್ಲ.

“ರಸೀದಿಯಲ್ಲಿ ಏನು ಬರೆದೆ?”

“ಏನೂ ಬರೆದಿಲ್ಲ ಸರ್, ಸೈನ್ ಮಾತ್ರ.”

“ಹೂಂ. ಇವತ್ತೇ ಕ್ಯಾರಿಯರ್‌ಗೆ ನೋಟಿಸ್ ಕಳಿಸು.”

ನಮ್ಮ ಬಿಎಲ್ ಸಮುದ್ರ ಸಾಗಣೆಯ ಹೇಗ್-ವಿಸ್ಬಿ ನಿಯಮಗಳಿಗೆ ಒಳಪಟ್ಟಿತ್ತು. 1924ರ ಹೇಗ್ ನಿಯಮಗಳನ್ನು 1968ರಲ್ಲಿ ತಿದ್ದಿದಾಗ ಬಂದವು ಇವು. ಇದರ ಪ್ರಕಾರ ಹಾನಿ ಕಣ್ಣಿಗೆ ಕಾಣುವಂತಿದ್ದರೆ ಸರಕು ಪಡೆಯುವಾಗಲೇ ಲಿಖಿತವಾಗಿ ತಿಳಿಸಬೇಕು. ಒಳಗೆ ಅಡಗಿದ್ದರೆ ಮೂರು ದಿನದೊಳಗೆ. ತಿಳಿಸದಿದ್ದರೆ ಹಕ್ಕೇ ಹೋಯಿತು ಅಂತಲ್ಲ. ಸರಕು ಬಿಎಲ್‌ನಲ್ಲಿ ಹೇಳಿದ ಹಾಗೆಯೇ ತಲುಪಿದೆ ಎಂದು ಮೊದಲ ನೋಟಕ್ಕೆ ನಂಬಲಾಗುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊರೆ ನಮ್ಮ ತಲೆಗೆ ಬೀಳುತ್ತದೆ. ನಾಲ್ಕು ಸಾಲಿನ ಇಮೇಲ್ ಬರೆದು, ಫೋಟೊ ಸೇರಿಸಿ ಮಧ್ಯಾಹ್ನದೊಳಗೆ ಕಳಿಸಿದೆ.

ಖಾಲಿ ಕಂಟೇನರ್ ಇನ್ನೂ ನಮ್ಮ ಅಂಗಳದಲ್ಲೇ ಇತ್ತು, ಅದೊಂದು ಪುಣ್ಯ. ಹಾನಿ ಪರೀಕ್ಷಿಸುವ ಸರ್ವೇಯರ್ ಬರುವವರೆಗೆ ಕೊಡಬೇಡ ಅಂದರು ಹಿರಿಯರು. ಕಂಟೇನರ್ ಹಿಂದಿರುಗಿಸುವುದು ತಡವಾದರೆ ಡಿಟೆನ್ಷನ್ ಬೀಳುತ್ತದೆ. ತುಂಬಿದ ಕಂಟೇನರ್ ಬಂದರಿನಲ್ಲೇ ಜಾಸ್ತಿ ದಿನ ಕೂತರೆ ಬೀಳುವುದು ಡೆಮರೇಜ್. ಎರಡನ್ನೂ ನಾನು ಒಂದೇ ಅಂದುಕೊಂಡಿದ್ದೆ! ಉಚಿತ ದಿನ ಇನ್ನೂ ಬಾಕಿ ಇದ್ದಿದ್ದರಿಂದ ಬಚಾವಾದೆವು.

ಸರ್ವೇಯರ್ ಬಂದವರು ಮೊದಲು ಪೆಟ್ಟಿಗೆ ನೋಡಲಿಲ್ಲ. ನನ್ನನ್ನೂ ಕರೆದುಕೊಂಡು ಕಂಟೇನರ್ ಒಳಗೆ ಹೋಗಿ ಬಾಗಿಲು ಹಾಕಿಸಿದರು. ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಚಾವಣಿಯ ಮೂಲೆಯಲ್ಲಿ ಸೂಜಿ ಚುಚ್ಚಿದಂತೆ ಎರಡು ಬೆಳಕಿನ ಚುಕ್ಕಿ ಕಂಡವು. ಕೆಳಗೆ ಅದೇ ಜಾಗದಲ್ಲಿ ನೆಲದ ಹಲಗೆ ಕಪ್ಪಾಗಿತ್ತು. ಆಮೇಲೆ ಒದ್ದೆ ರಟ್ಟಿನ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಬಿಟ್ಟರು. ಹನಿ ಬೆಳ್ಳಗಾಯಿತು. ಉಪ್ಪಿನಂಶ ಇದೆ, ಮಳೆ ನೀರಲ್ಲ, ಸಮುದ್ರದ ನೀರು ಅಂತ ಬರೆದುಕೊಂಡರು.

ಇಷ್ಟಾದ ಮೇಲೆ ನನಗೆ ಧೈರ್ಯ ಬಂತು. ಖರೀದಿ ಸಿಐಎಫ್ ಷರತ್ತಿನಲ್ಲಿ, ಅಂದರೆ ಸರಕಿನ ಬೆಲೆ, ವಿಮೆ, ಸಾಗಣೆ ಮೂರೂ ಸೇರಿದ ದರದಲ್ಲಿ ನಡೆದಿತ್ತು. ವಿಮೆ ಮಾಡಿಸುವುದು ಮಾರುವವರ ಕೆಲಸ, ಮಾಡಿಸಿದ್ದರು ಕೂಡ. ವಿಮೆಯವರು ಕೊಡುತ್ತಾರೆ ಬಿಡಿ ಅಂದೆ. ಪಾಲಿಸಿ ಬಿಚ್ಚಿ ನೋಡಿದರೆ ಅದು ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಝಸ್ ಎಂಬ ಸರಕು ವಿಮೆಯ ಷರತ್ತುಗಳಲ್ಲಿ ‘ಸಿ’. ಬೆಂಕಿ, ಹಡಗು ಮುಳುಗಡೆ, ಡಿಕ್ಕಿ, ಲಾರಿ ಪಲ್ಟಿ, ಇಂಥ ದೊಡ್ಡ ಅನಾಹುತಗಳಿಗೆ ಮಾತ್ರ. ಕಂಟೇನರ್ ಒಳಗೆ ಸಮುದ್ರದ ನೀರು ನುಗ್ಗಿದರೆ ‘ಬಿ’ ಅಥವಾ ‘ಎ’ ಇರಬೇಕು. ಮಾರುವವರು ಮೋಸ ಮಾಡಿದರಾ? ಇಲ್ಲ. ಅಂತರರಾಷ್ಟ್ರೀಯ ಮಾರಾಟ ಷರತ್ತುಗಳಾದ ಇನ್‌ಕೋಟರ್ಮ್ಸ್ 2020ರ ಪ್ರಕಾರ ಬೇರೆ ಮಾತಾಗದಿದ್ದರೆ ಸಿಐಎಫ್‌ಗೆ ‘ಸಿ’ ಸಾಕು. ಸಿಐಪಿ ಎಂಬ ಇನ್ನೊಂದು ಷರತ್ತಾಗಿದ್ದರೆ ‘ಎ’ ಬೇಕಿತ್ತು. ಒಂದಕ್ಷರದ ವ್ಯತ್ಯಾಸ. ಸಾಲದ್ದಕ್ಕೆ ಸಿಐಎಫ್‌ನಲ್ಲಿ ಸಾಗಣೆ, ವಿಮೆಯ ದುಡ್ಡು ಮಾರುವವರು ಕಟ್ಟಿದರೂ, ಸರಕು ಹಡಗು ಹತ್ತಿದ ಕ್ಷಣದಿಂದ ನಷ್ಟದ ಭಯ ಕೊಳ್ಳುವವರದ್ದು. ಹಾಗಾಗಿ ಅವರನ್ನೂ ಹಿಡಿಯುವಂತಿರಲಿಲ್ಲ.

ಉಳಿದಿದ್ದು ಕ್ಯಾರಿಯರ್. ತೂತು ಅವರ ಕಂಟೇನರ್‌ದೇ, ವಾದ ಗೆದ್ದೆವು ಅಂದುಕೊಂಡೆ. ಅವರ ಉತ್ತರದಲ್ಲಿ ತೂತಿನ ಬಗ್ಗೆ ತಕರಾರೇ ಇರಲಿಲ್ಲ. ಒಂದೇ ಪ್ರಶ್ನೆ ಇತ್ತು: ಹಾಳಾದ ಪ್ಯಾಕೇಜ್ ಎಷ್ಟು?

ಹೇಗ್-ವಿಸ್ಬಿ ನಿಯಮಗಳಲ್ಲಿ ಕ್ಯಾರಿಯರ್‌ನ ಹೊಣೆಗೆ ಒಂದು ಮಿತಿ ಇದೆ. 1979ರ ತಿದ್ದುಪಡಿಯ ನಂತರ ಅದು ಪ್ಯಾಕೇಜಿಗೆ 666.67 ಎಸ್‌ಡಿಆರ್, ಇಲ್ಲವೇ ಹಾಳಾದ ಸರಕಿನ ಕಿಲೋಗೆ 2 ಎಸ್‌ಡಿಆರ್, ಯಾವುದು ಹೆಚ್ಚೋ ಅದು. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ಇನ್ನು ಪ್ಯಾಕೇಜ್ ಎಷ್ಟು ಅನ್ನುವುದನ್ನು ಬಿಎಲ್‌ನಲ್ಲಿ ಎಣಿಸಿ ಬರೆದಿದ್ದರಿಂದ ತೀರ್ಮಾನಿಸುತ್ತಾರೆ. ನಮ್ಮ ಬಿಎಲ್‌ನಲ್ಲಿ ಇದ್ದಿದ್ದು ‘20 ಪ್ಯಾಲೆಟ್’ ಅಷ್ಟೇ. 480 ಪೆಟ್ಟಿಗೆಯ ಮಾತು ಪ್ಯಾಕಿಂಗ್ ಲಿಸ್ಟ್‌ನಲ್ಲಿತ್ತು. ಅದಿದ್ದು ಏನು ಬಂತು?

ಲೆಕ್ಕ ಹಾಕಿ ನೋಡಿ. ನಾಲ್ಕು ಪ್ಯಾಲೆಟ್ ಅಂದರೆ 2,667 ಎಸ್‌ಡಿಆರ್. ಅವುಗಳ ತೂಕ 2,000 ಕಿಲೋ, ಆ ಲೆಕ್ಕದಲ್ಲಿ 4,000. ಬಿಎಲ್‌ನಲ್ಲಿ ‘480 ಪೆಟ್ಟಿಗೆ ಇರುವ 20 ಪ್ಯಾಲೆಟ್’ ಎಂದಿದ್ದರೆ? ಹಾಳಾದ 96 ಪೆಟ್ಟಿಗೆಗೆ ಮಿತಿ 64,000. ನಮ್ಮ ನಷ್ಟ 4,000ದ ನಾಲ್ಕು ಪಟ್ಟು ಇತ್ತು. ಆ ಒಂದು ಸಾಲು ಇದ್ದಿದ್ದರೆ ಪೂರ್ತಿ ಕೇಳಬಹುದಿತ್ತು. ಅವತ್ತು ಊಟ ಸೇರಲಿಲ್ಲ.

ಆಮೇಲಿಂದ ಬಿಎಲ್‌ನ ಕರಡು ನನ್ನ ಕೈಗೆ ಬರದೆ ಅಸಲು ಅಚ್ಚಾಗಲು ಬಿಡುವುದಿಲ್ಲ. ಪೆಟ್ಟಿಗೆ ಎಣಿಕೆಯ ಸಾಲನ್ನೇ ಮೊದಲು ಹುಡುಕುತ್ತೇನೆ. ಮಾರುವವರ ಏಜೆಂಟರಿಗೆ ನನ್ನ ಮೇಲೆ ಬೇಸರ ಇದೆ, ಇರಲಿ. ಕನ್ಸೈನಿ ಕಾಲಂನಲ್ಲಿ ‘ಟು ಆರ್ಡರ್’ (ಸೂಚಿಸಿದವರಿಗೆ ಕೊಡಿ) ಎಂದು ಇದ್ದರೆ ಹಿಂಬದಿಯ ಎಂಡಾರ್ಸ್‌ಮೆಂಟ್, ಅಂದರೆ ವರ್ಗಾವಣೆಯ ಸಹಿ ನೋಡುತ್ತೇನೆ, ಯಾಕೆಂದರೆ ಆ ಕಾಗದ ಕೈ ಬದಲಾದಂತೆ ಸರಕು ಕೇಳುವ ಹಕ್ಕೂ ಬದಲಾಗುತ್ತದೆ. ಅಸಲು ಸಾಮಾನ್ಯವಾಗಿ ಮೂರು ಪ್ರತಿ ಇರುತ್ತವೆ. ಒಂದು ಕೊಟ್ಟು ಸರಕು ಬಿಡಿಸಿಕೊಂಡರೆ ಉಳಿದೆರಡಕ್ಕೆ ಬೆಲೆ ಇಲ್ಲ. ಮೂರೂ ಎಲ್ಲಿವೆ ಅಂತ ಕೇಳುವುದು ಅನುಮಾನ ಅಲ್ಲ, ಕೆಲಸ.

ರಸೀದಿಗೆ ಬರಿ ಸೈನ್ ಹಾಕುವುದನ್ನು ಬಿಟ್ಟೆ. ‘ಸುತ್ತು ಬಿಚ್ಚಿ ನೋಡಿಲ್ಲ, ಒಳಗೆ ಮುಗ್ಗಲು ವಾಸನೆ’ ಅಂತ ಕಂಡಿದ್ದನ್ನು ಕಂಡ ಹಾಗೆ ಬರೆಯುತ್ತೇನೆ. ‘ಪರಿಶೀಲನೆಗೆ ಒಳಪಟ್ಟು’ ಅಂತ ಮೊಹರು ಮಾಡಿಸಿಕೊಂಡವರನ್ನೂ ನೋಡಿದ್ದೇನೆ. ಎಲ್ಲದಕ್ಕೂ ಅದನ್ನೇ ಒತ್ತಿದರೆ ಯಾರೂ ಲೆಕ್ಕಕ್ಕೆ ಇಡಲ್ಲ, ಅಲ್ವಾ? ದಿನದ ಲೆಕ್ಕವೂ ದಾರಿಗೊಂದು ಥರ. ಅಡಗಿದ ಹಾನಿಗೆ ಸಿಎಂಆರ್ ಒಪ್ಪಂದದ ರಸ್ತೆ ಸಾಗಣೆಯಲ್ಲಿ 7 ದಿನ, ಭಾನುವಾರ ಮತ್ತು ರಜೆ ಬಿಟ್ಟು. ಮಾಂಟ್ರಿಯಲ್ ಒಪ್ಪಂದದ ವಿಮಾನ ಸಾಗಣೆಯಲ್ಲಿ ಹಾನಿಗೆ 14 ದಿನ.

ಆ ನಾಲ್ಕು ಪ್ಯಾಲೆಟ್‌ಗಳ ಪತ್ರ ವ್ಯವಹಾರ ಹನ್ನೊಂದು ತಿಂಗಳು ಎಳೆಯಿತು. “ಪರಿಶೀಲಿಸುತ್ತಿದ್ದೇವೆ” ಎಂಬ ಉತ್ತರ ಎಷ್ಟು ಸಲ ಬಂತೋ. ಹೇಗ್-ವಿಸ್ಬಿ ನಿಯಮಗಳಲ್ಲಿ ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಕ್ಯಾರಿಯರ್ ಪೂರ್ತಿ ಪಾರು, ನೋಟಿಸ್ ಎಷ್ಟೇ ಚೆನ್ನಾಗಿರಲಿ. ಹಿರಿಯರು ಮೊದಲ ದಿನವೇ ಆ ತಾರೀಖನ್ನು ಫೈಲಿನ ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಸಿದ್ದರು. ಮೂರು ವಾರ ಬಾಕಿ ಇದ್ದಾಗ, ಅವಧಿ ಮೂರು ತಿಂಗಳು ವಿಸ್ತರಿಸಿದ್ದೇವೆ ಎಂದು ಕ್ಯಾರಿಯರ್ ಕಡೆಯಿಂದ ಬರಹದಲ್ಲಿ ಪಡೆದೆವು. ಮುಂದಿನ ತಿಂಗಳು 4,000 ಎಸ್‌ಡಿಆರ್ ಬಂತು. ಕಾಲು ಭಾಗ.